ಪಿಯುಸಿಯಲ್ಲಿ ಅಂಕ ಕಡಿಮೆ ಬಂತು, ಡಾಕ್ಟರ್ ಕನಸು ಮುಗೀತಾ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಮಕ್ಕಳು ನನ್ನನ್ನು ಪದೇ ಪದೇ ಕೇಳ್ತಾರೆ: "ಅಣ್ಣಾ, ಅಪ್ಪ ಹಾಸಿಗೆ ಹಿಡಿದ್ರು, ಹೊಲದ ಕೆಲಸ ನನ್ನ ಮೇಲೆ ಬಿತ್ತು. ಪಿಯುಸಿಯಲ್ಲಿ ಅಂಕ ಹೋಯ್ತು. ಎಂಬಿಬಿಎಸ್ ಆಸೆ ಬಿಡ್ಲಾ?"

ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಮೆಡಿಕಲ್ ರ‍್ಯಾಂಕ್‌ಗೆ ಪಿಯುಸಿ ಅಂಕ ಸೇರಿಸಲ್ಲ. ನೀಟ್‌ನ 720 ಅಂಕದ್ದೇ ಲೆಕ್ಕ. ಪಿಯುಸಿ ಪಾಸಾಗಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ 50, ಎಸ್‌ಸಿ, ಎಸ್‌ಟಿ, ಒಬಿಸಿಯವರಿಗೆ ಶೇ 40 ಬಂದಿದ್ರೆ ಸಾಕು. ಅದಕ್ಕೂ ಕಡಿಮೆನಾ? 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಹೆಚ್ಚು ಬಂದ ಅಂಕವೇ ಉಳಿಯುತ್ತೆ.

ಮನೆಯ ಕಷ್ಟಕ್ಕೆ ರ‍್ಯಾಂಕ್‌ನಲ್ಲಿ ಅಂಕ ಇಲ್ಲ. ಆದರೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ ಇದೆ. ನಿಮಗೆ ಅನ್ವಯಿಸುತ್ತಾ ನೋಡಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಕೌನ್ಸೆಲಿಂಗ್ ಶುರುವಾದ ಮೇಲೆ ಓಡಾಡೋಕೆ ಟೈಮ್ ಸಿಗಲ್ಲ.

ನೀಟ್ ಇಷ್ಟೇ ಸಲ ಬರೀಬೇಕು ಅಂತಿಲ್ಲ. ಹಾಗಾಗಿ ಮನೆಯವರ ಜೊತೆ ಕೂತು ಒಂದು ವರ್ಷದ ಲೆಕ್ಕ ಹಾಕಿ: ಹೊಲ ಯಾರು ನೋಡ್ತಾರೆ, ಖರ್ಚಿಗೆ ಏನು, ದಿನಕ್ಕೆ ಎಷ್ಟು ಗಂಟೆ ಓದು. ಕೂಡಿ ಬಂದ್ರೆ, ಕೂತು ಓದಿ.