ಬಿಡುವಾದ ಸರ್ವರ್ ತಾನಾಗಿ ಆರಲಿ

ದಂಡೋತಿಯ ಮಗ್ಗುಲಲ್ಲಿ ಹರಿಯುವ ಕಾಗಿಣಾ ಭೀಮೆಯನ್ನೂ, ಭೀಮೆ ಕೃಷ್ಣೆಯನ್ನೂ ಸೇರುತ್ತದೆ. ಆ ಕೃಷ್ಣೆಯ ದಂಡೆಯಲ್ಲಿ, ಶಕ್ತಿನಗರದಲ್ಲಿ, 1985ರಲ್ಲಿ ಆರಂಭವಾದ ಉಷ್ಣ ಸ್ಥಾವರ ವಿದ್ಯುತ್ತಿಗಾಗಿ ಕಲ್ಲಿದ್ದಲು ಸುಡುತ್ತಿದೆ. ಅದೇ ವಿದ್ಯುತ್ತಿಗಾಗಿ ಮಲೆನಾಡಿನ ಶರಾವತಿ ಕಣಿವೆಯ ಊರುಗಳು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದಲ್ಲಿ ಮುಳುಗಿದವು.

ಇಷ್ಟು ಬೆಲೆ ತೆತ್ತ ವಿದ್ಯುತ್ತು ಯಾರೂ ಬಳಸದ ಯಂತ್ರದಲ್ಲಿ ಸೋರಬಾರದು. ಶಾಲೆಯ ಸರ್ವರೊಂದು ಕೆಲಸವಿಲ್ಲದಾಗಲೂ 100 ವಾಟ್ ಎಳೆಯುತ್ತದೆಂದು ಭಾವಿಸಿರಿ. ಸಂಜೆ 6ರಿಂದ ಬೆಳಿಗ್ಗೆ 8ರವರೆಗೆ 14 ಗಂಟೆ; ದಿನಕ್ಕೆ 1.4 ಯೂನಿಟ್, ವರ್ಷಕ್ಕೆ 511 ಯೂನಿಟ್.

ಇದರ ಬಹುಭಾಗವನ್ನು ಹತ್ತಾರು ಸಾಲಿನ ಸ್ಕ್ರಿಪ್ಟೊಂದು ಉಳಿಸಬಲ್ಲದು. ಲಿನಕ್ಸ್‌ನ ಕ್ರಾನ್ ಅದನ್ನು 15 ನಿಮಿಷಕ್ಕೊಮ್ಮೆ ಓಡಿಸುತ್ತದೆ. ಯಾರಾದರೂ ಲಾಗಿನ್ ಆಗಿದ್ದಾರೆಯೇ, ಪ್ರೊಸೆಸರಿನ ಹೊರೆಯೆಷ್ಟು, ಬ್ಯಾಕಪ್ ನಡೆದಿದೆಯೇ ಎಂಬುದನ್ನು ಸ್ಕ್ರಿಪ್ಟ್ ಪರೀಕ್ಷಿಸುತ್ತದೆ. ಸತತ 4 ಬಾರಿ ಯಾವ ಚಟುವಟಿಕೆಯೂ ಕಾಣದಿದ್ದರೆ ಮಾತ್ರ ಯಂತ್ರವನ್ನು ಆರಿಸುತ್ತದೆ. ಒಂದೇ ನೋಟವನ್ನು ನಂಬಿದರೆ, ಕ್ಷಣಕಾಲ ಬಿಡುವು ಪಡೆದವನ ಕೆಲಸ ಕೆಟ್ಟೀತು. ಬೆಳಿಗ್ಗೆ ಬಯಾಸ್‌ನಲ್ಲಿ ನಿಗದಿಪಡಿಸಿದ ವೇಳೆಗೆ ಸರ್ವರ್ ತಾನೇ ಏಳುತ್ತದೆ.

ಕೋಣೆ ಬಿಡುವಾಗ ದೀಪ ಆರಿಸಬೇಕೆಂಬುದು ಹಿರಿಯರು ಕಲಿಸಿದ ಪಾಠ. ಅದನ್ನು ಯಂತ್ರಕ್ಕೂ ಕಲಿಸುವ ಹೊಣೆ ವಿದ್ಯಾರ್ಥಿಗಳದು.