ಧರ್ಮಸ್ಥಳಕ್ಕೆ ನಡೆದು ಹೋಗುವ ಮುಂಚೆ

(ಕಲಿಕಾ ಕೇಂದ್ರದ ಸಭೆಯಲ್ಲಿ ಆಡಿದ ಮಾತು)



ಶಿವರಾತ್ರಿ ಬಂತೆಂದರೆ ನಮ್ಮ ಕಡೆಯ ಜನ ಧರ್ಮಸ್ಥಳಕ್ಕೆ ನಡೆದು ಹೋಗುತ್ತಾರೆ. ಹೆಂಗಸರೂ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ನಿಮ್ಮಲ್ಲೂ ಕೆಲವರು ಈ ಸಲ ಹೋಗಬೇಕು ಅಂತ ಇದ್ದೀರಿ. ಬಹಳ ಸಂತೋಷ. ಹೊರಡುವ ಮುಂಚೆ ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ನೀವು ಕಲಿತ ಅಕ್ಷರ, ಕಲಿತ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತವೆ.

ಮೊದಲು ದಾರಿ ಬರೆಯೋಣ. ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಧರ್ಮಸ್ಥಳ. ಅರಸೀಕೆರೆಯಿಂದ ಹೊರಟರೆ ಸುಮಾರು 150 ಕಿಲೋಮೀಟರ್. ಹಳೇಬೀಡಿನವರಿಗೆ ಅಷ್ಟು ದೂರ ಇಲ್ಲ. ಬೇಲೂರಿನವರಿಗೆ ಇನ್ನೂ 16 ಕಿಲೋಮೀಟರ್ ಕಡಿಮೆ.

ದಿನಕ್ಕೆ 25 ಕಿಲೋಮೀಟರ್ ನಡೆದರೆ ಎಷ್ಟು ದಿನ? ಭಾಗಿಸಿ ನೋಡಿ. 6 ದಿನ. ಮೇಲೆ ಒಂದು ದಿನ ಕೈಯಲ್ಲಿರಲಿ. ಯಾರಿಗಾದರೂ ಕಾಲು ನೋವು ಬಂದರೆ ಆ ದಿನ ಬೇಕಾಗುತ್ತೆ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಊರಿನ ಹೆಸರಿನ ಮುಂದೆ ಬರೆಯಿರಿ. ಅದರ ಒಂದು ಪ್ರತಿ ಮನೆಯಲ್ಲಿಟ್ಟು ಹೊರಡಿ. ಹಸು ಕರೆಯುವವರು ಯಾರು, ಮಕ್ಕಳಿಗೆ ಅಡುಗೆ ಮಾಡುವವರು ಯಾರು ಅನ್ನುವುದನ್ನೂ ಅದರಲ್ಲೇ ಬರೆಯಿರಿ.

ಲೆಕ್ಕ ಹಾಕುವಾಗ ಒಂದು ಮಾತು ನೆನಪಿರಲಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಅಕ್ಕ ಯಾರು? ಅವರು ನಡೆಯುವಷ್ಟೇ ಗುಂಪು ನಡೆಯಬೇಕು. ಮುಂದೆ ಒಬ್ಬರು, ಎಲ್ಲರ ಹಿಂದೆ ಒಬ್ಬರು ಜವಾಬ್ದಾರಿ ಹೊರಲಿ. ಹಿಂದಿನವರನ್ನು ದಾಟಿ ಯಾರೂ ಹಿಂದೆ ಉಳಿಯಬಾರದು.

ಈಗ ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರದಿಂದ ಕೆಳಗೆ ಸುಮಾರು 25 ಕಿಲೋಮೀಟರ್ ಕಾಡು, ಕಡಿದಾದ ಇಳಿಜಾರು, ತಿರುವಿನ ಮೇಲೆ ತಿರುವು. ಆನೆ ಓಡಾಡುವ ಜಾಗ ಅದು. ಕೆಲವು ಕಡೆ ಫೋನ್ ಸಿಗುವುದಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಇಲ್ಲಿ ಗುಡ್ಡ ಕುಸಿದಿತ್ತು. ಆದ್ದರಿಂದ ಹಿಂದಿನ ರಾತ್ರಿ ಕೊಟ್ಟಿಗೆಹಾರದಲ್ಲೇ ಉಳಿಯಿರಿ. ಬೆಳಕು ಹರಿದ ಮೇಲೆ ಹೊರಟು, ಕತ್ತಲಾಗುವ ಮುಂಚೆ ಕೆಳಗೆ ಇಳಿಯಿರಿ. ಇಳಿಯುವುದು ಸುಲಭ ಅಂದುಕೊಳ್ಳಬೇಡಿ. ಹತ್ತುವಾಗ ಉಸಿರು ಕಟ್ಟುತ್ತೆ, ಇಳಿಯುವಾಗ ಮಂಡಿ ಹಿಡಿಯುತ್ತೆ. ಸಣ್ಣ ಹೆಜ್ಜೆ ಹಾಕಿ.

ರಸ್ತೆಯ ಬಲಗಡೆ ನಡೆಯಿರಿ. ಆಗ ಎದುರಿಗೆ ಬರುವ ಲಾರಿ, ಬಸ್ಸು ಕಣ್ಣಿಗೆ ಕಾಣುತ್ತೆ. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಿ. ತಿರುವಿನಲ್ಲಿ ಕೂತು ಸುಧಾರಿಸಿಕೊಳ್ಳಬೇಡಿ.

ಇನ್ನು ನೀರಿನ ಮಾತು. ಇದನ್ನು ಗಂಡಸರು ಹೇಳಿಕೊಡುವುದಿಲ್ಲ. ದಾರಿಯಲ್ಲಿ ಮೂತ್ರಕ್ಕೆ ಹೋಗುವುದು ಕಷ್ಟ ಅಂತ ನಾವು ಹೆಂಗಸರು ನೀರನ್ನೇ ಕಡಿಮೆ ಕುಡಿಯುತ್ತೇವೆ. ಶಿವರಾತ್ರಿ ಹೊತ್ತಿಗೆ ಬಿಸಿಲು ಏರಿರುತ್ತೆ. ನೀರು ಕುಡಿಯದಿದ್ದರೆ ತಲೆ ಸುತ್ತುತ್ತೆ, ಉರಿಮೂತ್ರ ಬರುತ್ತೆ. ಬಾಯಾರುವ ಮುಂಚೆಯೇ ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ. ಶೌಚಾಲಯ ಎಲ್ಲೆಲ್ಲಿ ಸಿಗುತ್ತೆ ಅಂತ ಹೋಗಿ ಬಂದವರನ್ನು ಕೇಳಿ, ಬರೆದುಕೊಳ್ಳಿ. ಕಾಡಿನಲ್ಲಿ ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಜೊತೆಯಾಗಿ ಹೋಗಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಭೇದಿಯಾದರೆ ಏನು ಮಾಡಬೇಕು? ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ ಕುಡಿಸಿ.

ಚೀಲ ಹಗುರವಾಗಿರಲಿ. ಎರಡು ಜೊತೆ ಬಟ್ಟೆ, ಟವೆಲ್ಲು, ಹೊದಿಕೆ, ನೀರಿನ ಬಾಟಲಿ, ಬ್ಯಾಟರಿ, ಅವಲಕ್ಕಿ, ಬೆಲ್ಲ, ಹುರಿಗಡಲೆ ಸಾಕು. ಮುಟ್ಟಿನ ಬಟ್ಟೆ ಅಥವಾ ಪ್ಯಾಡ್ ಮರೆಯಬೇಡಿ. ನಡಿಗೆಯ ಆಯಾಸಕ್ಕೆ ದಿನ ಹಿಂದೆ ಮುಂದೆ ಆಗಬಹುದು. ಹೆಸರು, ಊರು, ಮನೆಯ ಫೋನ್ ನಂಬರ್ ಬರೆದ ಚೀಟಿ ಸೆರಗಿನಲ್ಲಿರಲಿ.

ಹೊಸ ಚಪ್ಪಲಿ ಬೇಡ. ಕಾಲಿಗೆ ಪಳಗಿದ್ದೇ ಒಳ್ಳೆಯದು. ಬರಿಗಾಲಲ್ಲಿ ಬರುತ್ತೇನೆ ಅಂತ ಹರಕೆ ಹೊತ್ತವರು ಮಧ್ಯಾಹ್ನ ಟಾರು ರಸ್ತೆಯಲ್ಲಿ ನಡೆಯಬೇಡಿ. ಬೊಬ್ಬೆ ಎದ್ದರೆ ಒಡೆಯಬೇಡಿ. ತೊಳೆದು, ಶುದ್ಧವಾದ ಬಟ್ಟೆ ಕಟ್ಟಿ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ಗಾಯವಾದರೂ ಗೊತ್ತಾಗದೆ ಹೋಗಬಹುದು. ಅವರು ಬರಿಗಾಲಲ್ಲಿ ನಡೆಯಲೇಬಾರದು. ಬಿ.ಪಿ., ಸಕ್ಕರೆ ಇದ್ದವರು, ಬಸುರಿಯರು ಮೊದಲು ಡಾಕ್ಟರನ್ನು ಕೇಳಿ.

ಇಂದಿನಿಂದಲೇ ದಿನಾ ಸಂಜೆ ಒಂದು ಗಂಟೆ ನಡೆಯಿರಿ. ವಾರ ವಾರ ಸ್ವಲ್ಪ ಹೆಚ್ಚಿಸಿ. ಸಂಘದಲ್ಲಿ ವಾರಕ್ಕೆ 20 ರೂಪಾಯಿ ಎತ್ತಿಟ್ಟರೆ 25 ವಾರಕ್ಕೆ 500 ರೂಪಾಯಿ. ಯಾರ ಹತ್ತಿರವೂ ಕೈ ಚಾಚಬೇಕಾಗಿಲ್ಲ.

ಇಷ್ಟೆಲ್ಲ ಮಾಡಿದರೂ ಯಾರಿಗಾದರೂ ಆಗದೆ ಹೋಗಬಹುದು. ಆಗ ಬಲವಂತ ಮಾಡಬೇಡಿ. ಜೊತೆಗೆ ಒಬ್ಬರನ್ನು ಕಳಿಸಿ, ಬಸ್ಸು ಹತ್ತಿಸಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡಿಲ್ಲ. ಗುರುತಿನ ಚೀಟಿ ಜೊತೆಯಲ್ಲಿರಬೇಕು, ಅಷ್ಟೆ. ಜೋರಾಗಿ ಹುಷಾರು ತಪ್ಪಿದರೆ 108ಕ್ಕೆ ಫೋನ್ ಮಾಡಿ.

ಹತ್ತು ಜನ ಹೊರಟರೆ ಹತ್ತು ಜನವೂ ಸುಖವಾಗಿ ಮನೆಗೆ ಬರಬೇಕು. ಬನ್ನಿ, ಹಾಳೆ ತೆಗೆಯಿರಿ. ಮೊದಲ ಸಾಲಿನಲ್ಲಿ ನಿಮ್ಮ ಊರಿನ ಹೆಸರು ಬರೆಯಿರಿ.