ಕಳೆ ಕತ್ತರಿಸಲಿ, ಬೇರು ಉಳಿಯಲಿ



ಮಲೆನಾಡಿನ ಇಳಿಜಾರು ತೋಟದಲ್ಲಿ ಕಳೆಯ ಬೇರೂ ಮಳೆಗಾಲದ ಮೇಲ್ಮಣ್ಣನ್ನು ಹಿಡಿದಿಡುತ್ತದೆ. ಗ್ಲೈಫೋಸೇಟ್‌ನಂಥ ಕಳೆನಾಶಕವು ಕಳೆಯನ್ನು ಬೇರುಸಹಿತ ಸಾಯಿಸುತ್ತದೆ; ವೀಡ್ ಕಟರ್ ಬೇರನ್ನು ಉಳಿಸಿ ಹುಲ್ಲನ್ನಷ್ಟೇ ಕತ್ತರಿಸುತ್ತದೆ. ಆಳು ಸಿಗದ ಊರಿನಲ್ಲಿ ಯಂತ್ರ ಕೆಟ್ಟು ಮೂಲೆ ಸೇರಿದರೆ, ಕೃಷಿಕನ ಕೈ ಮತ್ತೆ ವಿಷದ ಡಬ್ಬಿಯನ್ನೇ ಹುಡುಕುತ್ತದೆ. ಆದ್ದರಿಂದ ಯಂತ್ರದ ಆರೈಕೆ ಮಣ್ಣಿನ ಆರೈಕೆಯೂ ಹೌದು.

ಟೂ-ಸ್ಟ್ರೋಕ್ ಯಂತ್ರ ಹಗುರ. ಆದರೆ ಅದರಲ್ಲಿ ಪೆಟ್ರೋಲಿನ ಒಂದು ಪಾಲು ಉರಿಯದೆಯೇ ಹೊಗೆಯೊಡನೆ ಹೊರಬೀಳುತ್ತದೆ. ಫೋರ್-ಸ್ಟ್ರೋಕ್ ತುಸು ಭಾರವಾದರೂ ಇಂಧನ ಮಿತವ್ಯಯಿ. ಓರೆಯಾಗಿ ಹಿಡಿದಾಗಲೂ ಅದರ ಎಂಜಿನ್ನಿಗೆ ಆಯಿಲ್ ತಲುಪುವುದೇ ಎಂದು ಕೊಳ್ಳುವಾಗ ವಿಚಾರಿಸಬೇಕು. ಬಿಡಿಭಾಗವೂ ಮೆಕ್ಯಾನಿಕ್ಕೂ ಸಮೀಪದ ಪೇಟೆಯಲ್ಲಿ ಸಿಗದಿದ್ದರೆ ಅಗ್ಗದ ಬೆಲೆಯೂ ದುಬಾರಿಯೇ.

ಟೂ-ಸ್ಟ್ರೋಕ್‌ಗೆ ಕೈಪಿಡಿ ಹೇಳಿದ ಪ್ರಮಾಣದಲ್ಲಿಯೇ 2ಟಿ ಆಯಿಲ್ ಬೆರೆಸಬೇಕು. 50:1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. ಆಯಿಲ್ ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಏರ್ ಫಿಲ್ಟರನ್ನು ಆಗಾಗ ಶುಚಿಗೊಳಿಸಬೇಕು. ಪೆಟ್ರೋಲಿನಲ್ಲಿರುವ ಎಥನಾಲ್ ತೇವವನ್ನು ಹೀರುತ್ತದೆ. ಹಾಗೆಯೇ ವಾರಗಟ್ಟಲೆ ಬಿಟ್ಟರೆ ಕಾರ್ಬ್ಯುರೇಟರ್ ಹಾಳಾಗುತ್ತದೆ. ಯಂತ್ರವನ್ನು ಎತ್ತಿಡುವ ಮುನ್ನ ಟ್ಯಾಂಕ್ ಬರಿದುಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಬೇಕು.

ನೈಲಾನ್ ದಾರವು ಕಾಫಿ ಗಿಡದ ತೊಗಟೆಯನ್ನೂ ಮೆಣಸಿನ ಬಳ್ಳಿಯನ್ನೂ ಸೀಳಬಲ್ಲದು. ಬುಡದ ಸುತ್ತ ಕತ್ತಿಯೇ ಲೇಸು. ಸವೆದ ದಾರ ಮಣ್ಣಿನಲ್ಲಿ ಪ್ಲಾಸ್ಟಿಕ್ಕಾಗಿ ಉಳಿಯುತ್ತದೆ. ಕಲ್ಲಿಲ್ಲದ ಜಾಗದಲ್ಲಿ ಲೋಹದ ಬ್ಲೇಡ್ ಬಳಸುವುದು ಉಚಿತ. ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಕಡ್ಡಾಯ. ನೆಲವನ್ನು ಕೆರೆಯದೆ ನಾಲ್ಕು ಬೆರಳಷ್ಟು ಹುಲ್ಲು ಬಿಟ್ಟರೆ, ಮುಂದಿನ ಮಳೆಗೆ ಮಣ್ಣು ತೋಟದಲ್ಲಿಯೇ ನಿಲ್ಲುತ್ತದೆ.